ಕಂಪನಿ ಬಂತು, ಊರು ಏನು ಕೂಡಿಟ್ಟಿತ್ತು?



ಬೆಂಗಳೂರಿಗೆ ಕಂಪ್ಯೂಟರ್ ಕಂಪನಿಗಳು ಏಕೆ ಬಂದವು ಎಂದು ನಿಮ್ಮ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. ‘ಇಲ್ಲಿನ ಹವೆ ತಂಪು’ ಎಂದು ಒಬ್ಬರು, ‘ಇಲ್ಲಿನವರಿಗೆ ಇಂಗ್ಲಿಷ್ ಬರುತ್ತದೆ’ ಎಂದು ಇನ್ನೊಬ್ಬರು, ‘ಇಲ್ಲಿ ಕಡಿಮೆ ಸಂಬಳ ಕೊಟ್ಟರೆ ಸಾಕಿತ್ತು’ ಎಂದು ಮತ್ತೊಬ್ಬರು ಹೇಳಿಯಾರು. ಮೂರು ಉತ್ತರಗಳಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ತಂಪು ಹವೆ ಊಟಿಯಲ್ಲೂ ಇದೆ. ಇಂಗ್ಲಿಷ್ ಬಲ್ಲವರು ಕಲ್ಕತ್ತಾದಲ್ಲೂ ಮದ್ರಾಸಿನಲ್ಲೂ ಇದ್ದರು. ಕಡಿಮೆ ಸಂಬಳಕ್ಕೆ ದುಡಿಯುವವರು ಪ್ರಪಂಚದ ನೂರಾರು ಊರುಗಳಲ್ಲಿ ಇದ್ದರು. ಹಾಗಾದರೆ 1985ರಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿ ಬೆಂಗಳೂರಿನ ಬಾಗಿಲನ್ನೇ ತಟ್ಟಿದ್ದು ಏಕೆ?

ಕಿರುತೆರೆಯ ಅರ್ಧ ಗಂಟೆಯ ಮಾತುಕತೆಯಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳಲು ಸಮಯ ಸಾಲುವುದಿಲ್ಲ. ಆದ್ದರಿಂದ ಈ ಪುಟಗಳಲ್ಲಿ ನಿಧಾನವಾಗಿ ನೋಡೋಣ. ನಾನು ವಿಜ್ಞಾನ ಓದಿ ಟಿ.ವಿ. ಕೆಲಸಕ್ಕೆ ಬಂದವನು. ಹಾಗಾಗಿ ನಡುವೆ ಸ್ವಲ್ಪ ಭೌತಶಾಸ್ತ್ರವೂ ಬರುತ್ತದೆ, ಹೆದರಬೇಡಿ.

ಬಂದವರು ಯಾರು?

ಕಂಪನಿಯ ಹೆಸರು ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್. ಅಮೆರಿಕದ ಡಲ್ಲಾಸ್ ನಗರ ಇದರ ನೆಲೆ. 1930ರಲ್ಲಿ ನೆಲದಡಿಯ ಎಣ್ಣೆಯನ್ನು ಪತ್ತೆಹಚ್ಚಲು ಭೂಕಂಪನದ ಅಲೆಗಳನ್ನು ಅಳೆಯುವ ಸಂಸ್ಥೆಯಾಗಿ ಇದು ಹುಟ್ಟಿತು. 1951ರಲ್ಲಿ ಈಗಿನ ಹೆಸರು ಪಡೆಯಿತು. ಅಳತೆಯ ಉಪಕರಣ ಮಾಡುತ್ತಾ ಮಾಡುತ್ತಾ ಎಲೆಕ್ಟ್ರಾನಿಕ್ಸ್ ಕಡೆಗೆ ಹೊರಳಿತು. ಈ ಕಂಪನಿಯ ಎಂಜಿನಿಯರ್ ಜ್ಯಾಕ್ ಕಿಲ್ಬಿ 1958ರ ಸೆಪ್ಟೆಂಬರಿನಲ್ಲಿ ಒಂದು ವಿದ್ಯುನ್ಮಂಡಲದ ಬಿಡಿಭಾಗಗಳನ್ನೆಲ್ಲ ಒಂದೇ ಅರೆವಾಹಕದ ಚೂರಿನಲ್ಲಿ ಮಾಡಿ ತೋರಿಸಿದರು. ನಾವು ಇಂದು ‘ಚಿಪ್’ ಎಂದು ಕರೆಯುವುದು ಇದನ್ನೇ. ಈ ಕೆಲಸಕ್ಕಾಗಿ 2000ದಲ್ಲಿ ಕಿಲ್ಬಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಮೊದಲ ಚಿಪ್‌ನಲ್ಲಿ ಬೆರಳೆಣಿಕೆಯಷ್ಟು ಬಿಡಿಭಾಗಗಳಿದ್ದವು. 1980ರ ದಶಕಕ್ಕೆ ಬರುವ ಹೊತ್ತಿಗೆ ಒಂದು ಚಿಪ್‌ನಲ್ಲಿ ಲಕ್ಷ ಟ್ರಾನ್ಸಿಸ್ಟರುಗಳನ್ನು ದಾಟಿ ಹೋಗಿದ್ದರು. ಲಕ್ಷ ಟ್ರಾನ್ಸಿಸ್ಟರುಗಳ ನಕ್ಷೆಯನ್ನು ಕಾಗದದ ಮೇಲೆ ಕೈಯಲ್ಲಿ ಬರೆಯಲು ಆದೀತೇ? ಒಂದು ಗೆರೆ ತಪ್ಪಿದರೂ ಇಡೀ ಚಿಪ್ ಕೆಲಸಕ್ಕೆ ಬಾರದು. ಆದ್ದರಿಂದ ನಕ್ಷೆ ಬರೆಯಲು, ಅದನ್ನು ಪರೀಕ್ಷಿಸಲು, ಚಿಪ್ ತಯಾರಾಗುವ ಮೊದಲೇ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಲು ಕಂಪ್ಯೂಟರ್ ತಂತ್ರಾಂಶ ಬೇಕಾಯಿತು. ಈ ತಂತ್ರಾಂಶ ಬರೆಯುವವರಿಗೆ ಗಣಿತವೂ ತಿಳಿದಿರಬೇಕು, ಎಲೆಕ್ಟ್ರಾನಿಕ್ಸೂ ತಿಳಿದಿರಬೇಕು. ಅಂಥವರು ಎಲ್ಲ ಕಡೆಯೂ ಸಿಗುವುದಿಲ್ಲ. ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತೆರೆದದ್ದು ಕಾರ್ಖಾನೆಯನ್ನಲ್ಲ. ಈ ತಂತ್ರಾಂಶ ಬರೆಯುವ ವಿನ್ಯಾಸ ಕೇಂದ್ರವನ್ನು. ವಿದೇಶಿ ಕಂಪನಿಯೊಂದು ಭಾರತದಲ್ಲಿ ತೆರೆದ ಈ ಬಗೆಯ ಮೊದಲ ಕೇಂದ್ರ ಅದು.

ಉಗ್ರಾಣ ತುಂಬಿದ್ದು ಹೇಗೆ?

ಮದುವೆ ಮನೆಯಲ್ಲಿ ಉಗ್ರಾಣವನ್ನು ನೀವು ನೋಡಿರುತ್ತೀರಿ. ಊಟಕ್ಕೆ ಕೂತವರಿಗೆ ಎಲೆಯ ಮೇಲಿನ ಹೋಳಿಗೆ ಕಾಣುತ್ತದೆ, ಉಗ್ರಾಣ ಕಾಣುವುದಿಲ್ಲ. ಬೆಂಗಳೂರಿಗೂ ಅಂಥ ಒಂದು ಉಗ್ರಾಣವಿತ್ತು. ಅದು ತುಂಬಲು ಮುಕ್ಕಾಲು ಶತಮಾನ ಹಿಡಿಯಿತು.

ಮೊದಲು ವಿದ್ಯುತ್ತಿನಿಂದ ಆರಂಭಿಸೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಜಮ್ಶೇಟ್‌ಜಿ ಟಾಟಾ ಅವರ ಸಂಪತ್ತಿಗೆ ಮೈಸೂರು ಸಂಸ್ಥಾನವು ಸುಮಾರು 370 ಎಕರೆ ಭೂಮಿಯನ್ನು ಸೇರಿಸಿ ಕೊಟ್ಟಿತು. ಇಂದಿಗೂ ಜನ ಅದನ್ನು ‘ಟಾಟಾ ಇನ್ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. 1917ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು.

ಮುಂದೆ ಕಾರ್ಖಾನೆಗಳು ಬಂದವು. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಅಂದರೆ ನಮ್ಮ ಎಚ್.ಎ.ಎಲ್. ಸ್ವಾತಂತ್ರ್ಯದ ನಂತರ 1948ರಲ್ಲಿ ದೂರವಾಣಿ ಮಾಡುವ ಐ.ಟಿ.ಐ., 1953ರಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ ಎಚ್.ಎಂ.ಟಿ., 1954ರಲ್ಲಿ ಸೇನೆಗೆ ಬೇಕಾದ ಎಲೆಕ್ಟ್ರಾನಿಕ್ಸ್‌ಗಾಗಿ ಬಿ.ಇ.ಎಲ್. ಬಂದವು. 1960ರ ದಶಕದ ಆರಂಭದಲ್ಲೇ ಬಿ.ಇ.ಎಲ್. ಕಾರ್ಖಾನೆಯಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ತಯಾರಾಗುತ್ತಿದ್ದವು. ಅದೇ ಕಾಲಕ್ಕೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ರೇಡಾರ್ ಸಂಶೋಧನೆಯ ಎಲ್.ಆರ್.ಡಿ.ಇ. ಕೂಡ ಇಲ್ಲಿ ಬೇರುಬಿಟ್ಟವು. 1975ರ ಏಪ್ರಿಲ್ 19ರಂದು ಆಕಾಶಕ್ಕೆ ಹೋದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ.

ಇದರ ಜೊತೆಗೆ ಇನ್ನೂ ಎರಡು ಸಂಗತಿಗಳನ್ನು ಗಮನಿಸಿ. ರಾಜ್ಯದಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಒಂದೊಂದಾಗಿ ಎದ್ದವು. ಬೆಂಗಳೂರಿನಲ್ಲಿ ಬಿ.ಎಂ.ಎಸ್. 1946ರಲ್ಲಿ, ಎಂ.ಎಸ್. ರಾಮಯ್ಯ 1962ರಲ್ಲಿ, ಆರ್.ವಿ. 1963ರಲ್ಲಿ ಆರಂಭವಾದವು. 1976ರಲ್ಲಿ ರಾಜ್ಯ ಸರ್ಕಾರವು ಕಿಯೋನಿಕ್ಸ್ ಎಂಬ ನಿಗಮವನ್ನು ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಬಳಿ 332 ಎಕರೆಯಲ್ಲಿ ‘ಎಲೆಕ್ಟ್ರಾನಿಕ್ಸ್ ಸಿಟಿ’ಗೆ ರೂಪ ಕೊಟ್ಟರು. ಮನೆಗೊಂದು ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ದೊಡ್ಡದು ಎನ್ನುವ ಕಾಲದಲ್ಲಿ ಊರಾಚೆಯ ಹೊಲಗಳ ನಡುವೆ ಎಲೆಕ್ಟ್ರಾನಿಕ್ಸಿಗೆಂದೇ ಒಂದು ನಗರ!

ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಅದರಲ್ಲಿ ಒಂದು ಅಂಶವನ್ನು ಮಾತ್ರ ನೋಡಿ. ಇಲ್ಲಿನ ಹೆಚ್ಚಿನ ಸಂಸ್ಥೆಗಳು ಸಾರ್ವಜನಿಕರ ಹಣದಿಂದ, ಸಂಸ್ಥಾನದ ಭೂಮಿಯಿಂದ, ದಾನಿಗಳ ನಿಧಿಯಿಂದ ಎದ್ದವು. ಸಾಫ್ಟ್‌ವೇರ್ ರಫ್ತಾಗಲಿ ಎಂಬ ಉದ್ದೇಶ ಯಾರಿಗೂ ಇರಲಿಲ್ಲ. ವಿಮಾನ ಹಾರಿಸಬೇಕು, ದೂರವಾಣಿ ಮಾಡಬೇಕು, ಉಪಗ್ರಹ ಕಟ್ಟಬೇಕು ಎಂದು ಜನರನ್ನು ತಯಾರು ಮಾಡಿದರು. ಆ ಜನರು ನೆಲೆಸಿದ್ದರಿಂದ ಪ್ರಯೋಗಾಲಯಗಳು, ಉಪಾಧ್ಯಾಯರು, ಗ್ರಂಥಾಲಯಗಳು, ಬಿಡಿಭಾಗ ಮಾರುವ ಅಂಗಡಿಗಳು ಎಲ್ಲವೂ ಒಂದೇ ಊರಿನಲ್ಲಿ ಕೂಡಿದವು. 1985ರಲ್ಲಿ ಕಂಪನಿ ಬಂದು ನೋಡಿದಾಗ ಉಗ್ರಾಣ ತುಂಬಿತ್ತು.

ಇಲ್ಲದೇ ಇದ್ದ ಒಂದು ವಸ್ತು

ಆದರೆ ಒಂದು ವಸ್ತು ಇರಲಿಲ್ಲ. ಬೆಂಗಳೂರಿನ ಎಂಜಿನಿಯರ್ ಬರೆದದ್ದನ್ನು ಡಲ್ಲಾಸ್‌ಗೆ ಮುಟ್ಟಿಸುವ ದಾರಿ.

ಅಲ್ಲಿಯವರೆಗೆ ನಮ್ಮ ಸಾಫ್ಟ್‌ವೇರ್ ಕಂಪನಿಗಳಿಗೆ ಇದ್ದ ದಾರಿಗಳು ಎರಡು. ಎಂಜಿನಿಯರನ್ನೇ ವಿಮಾನ ಹತ್ತಿಸಿ ವಿದೇಶಕ್ಕೆ ಕಳಿಸುವುದು ಒಂದು. ಬರೆದದ್ದನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿ ವಿಮಾನದಲ್ಲಿ ಕಳಿಸುವುದು ಇನ್ನೊಂದು. ಟೇಪು ಹೋಗಿ, ಅಲ್ಲಿ ತಪ್ಪು ಕಂಡು, ಮತ್ತೆ ತಿದ್ದಿ ಕಳಿಸುವಷ್ಟರಲ್ಲಿ ದಿನಗಳಲ್ಲ, ವಾರಗಳೇ ಕಳೆಯುತ್ತಿದ್ದವು.

ದಾರಿ ತೆರೆಯಲು ಕಾನೂನು ಸುಲಭವಾಗಿರಲಿಲ್ಲ. 1885ರ ಟೆಲಿಗ್ರಾಫ್ ಕಾಯಿದೆಯಂತೆ ತಂತಿ, ದೂರವಾಣಿ, ಉಪಗ್ರಹ ಸಂಪರ್ಕ ಎಲ್ಲವೂ ಸರ್ಕಾರದ ಕೈಯಲ್ಲಿದ್ದವು. ವಿದೇಶಿ ಒಡೆತನದ ಮೇಲಿನ ನಿಯಮಗಳು ಬಿಗಿಯಾಗಿದ್ದವು. ಆ ನಿಯಮಗಳ ಹಿನ್ನೆಲೆಯಲ್ಲೇ 1978ರಲ್ಲಿ ಐ.ಬಿ.ಎಂ. ದೇಶ ಬಿಟ್ಟು ಹೋಗಿತ್ತು. ಗಾಳಿ ಬದಲಾದದ್ದು 1984ರ ನವೆಂಬರಿನಲ್ಲಿ. ಆಗ ರಾಜೀವ್ ಗಾಂಧಿಯವರ ಸರ್ಕಾರ ಹೊಸ ಕಂಪ್ಯೂಟರ್ ನೀತಿಯನ್ನು ಪ್ರಕಟಿಸಿತು. ಪೂರ್ತಿ ರಫ್ತಿಗಾಗಿ ದುಡಿಯುವ ವಿದೇಶಿ ಕಂಪನಿಗೆ ಬಾಗಿಲು ತೆರೆಯಿತು. ರಾಜ್ಯದಲ್ಲಿ ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಗಳು.

ಉಪಗ್ರಹ ಸಂಪರ್ಕಕ್ಕೆ ಒಂದು ಜಾಣ ಏರ್ಪಾಡು ಆಯಿತು. ಉಪಕರಣಕ್ಕೆ ಕಂಪನಿ ಹಣ ಹಾಕುವುದು, ಆದರೆ ಅದರ ಒಡೆತನ ಮತ್ತು ಉಸ್ತುವಾರಿ ಸರ್ಕಾರದ ಸಂಪರ್ಕ ಸಂಸ್ಥೆಯ ಬಳಿ ಇರುವುದು. ಹೀಗೆ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದ ಕಚೇರಿಗೆ ತಟ್ಟೆಯಾಕಾರದ ಆಂಟೆನಾ ಬಂತು. ಅದರ ಸಾಮಗ್ರಿ ಎತ್ತಿನ ಗಾಡಿಯಲ್ಲಿ ಬಂದದ್ದು ಈಗ ಐತಿಹ್ಯದಂತಾಗಿದೆ. ಅದನ್ನು ನೆನೆದು ಅನೇಕರು ನಗುತ್ತಾರೆ. ನಗುವ ಮೊದಲು ಇನ್ನೊಂದು ಗಾಡಿಯನ್ನು ನೆನಪಿಸಿಕೊಳ್ಳಿ. 1981ರಲ್ಲಿ ‘ಆಪಲ್’ ಉಪಗ್ರಹವನ್ನು ನಮ್ಮ ವಿಜ್ಞಾನಿಗಳು ಎತ್ತಿನ ಗಾಡಿಯ ಮೇಲಿಟ್ಟು ಪರೀಕ್ಷಿಸಿದ್ದರು. ಲೋಹದ ವಾಹನವಾದರೆ ಆಂಟೆನಾದ ಅಳತೆ ಕೆಡುತ್ತದೆ, ಮರದ ಗಾಡಿಯಾದರೆ ಆ ತೊಂದರೆ ಇಲ್ಲ. ಅಲ್ಲಿ ಎತ್ತಿನ ಗಾಡಿ ಬಡತನದ ಗುರುತಲ್ಲ, ತಿಳಿದವರು ಮಾಡಿದ ಆಯ್ಕೆ.

ಈಗ ಭೌತಶಾಸ್ತ್ರ. ಸಂಪರ್ಕ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುತ್ತದೆ. ಆದ್ದರಿಂದ ಕೆಳಗಿನಿಂದ ನೋಡುವವರಿಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಕನಿಷ್ಠ 72,000 ಕಿಲೋಮೀಟರ್. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಭಾಗಿಸಿ ನೋಡಿ, ಸುಮಾರು ಕಾಲು ಸೆಕೆಂಡು ಆಗುತ್ತದೆ. ನೇರ ಪ್ರಸಾರದಲ್ಲಿ ನಾವು ದೂರದ ಅತಿಥಿಗೆ ಪ್ರಶ್ನೆ ಕೇಳಿದಾಗ ಅವರು ಸ್ವಲ್ಪ ಸುಮ್ಮನಿದ್ದು ಆಮೇಲೆ ಉತ್ತರಿಸುವುದನ್ನು ಗಮನಿಸಿದ್ದೀರಲ್ಲವೇ? ಅವರು ಯೋಚಿಸುತ್ತಿದ್ದಾರೆ ಎಂದುಕೊಳ್ಳಬೇಡಿ. ಪ್ರಶ್ನೆ ಇನ್ನೂ ದಾರಿಯಲ್ಲಿರುತ್ತದೆ!

ಬೆಂಗಳೂರಿನ ಆ ಸಂಪರ್ಕದ ಸಾಮರ್ಥ್ಯ ಸೆಕೆಂಡಿಗೆ 64 ಸಾವಿರ ಬಿಟ್. ಒಂದು ಮೆಗಾಬೈಟ್ ಎಂದರೆ ಸುಮಾರು 80 ಲಕ್ಷ ಬಿಟ್, ಅದನ್ನು ಕಳಿಸಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ನಿಮ್ಮ ಮೊಬೈಲಿನ ಒಂದು ಚಿತ್ರವನ್ನು ಆ ದಾರಿಯಲ್ಲಿ ಕಳಿಸಿದರೆ ನೀವು ಕಾಫಿ ಕುಡಿದು ಮುಗಿಸಬಹುದು. ಆದರೂ ವಾರಗಳು ನಿಮಿಷಗಳಾದವು. ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿದ್ದ ಕಂಪನಿಯ ಕೇಂದ್ರಕ್ಕೂ, ಅಲ್ಲಿಂದ ಡಲ್ಲಾಸ್‌ಗೂ ಬೆಂಗಳೂರು ನೇರವಾಗಿ ಸೇರಿಕೊಂಡಿತು. ಡಲ್ಲಾಸ್ ನಮಗಿಂತ ಸುಮಾರು ಹನ್ನೊಂದೂವರೆ ಗಂಟೆ ಹಿಂದೆ. ಅಲ್ಲಿನವರು ಮಲಗುವ ಹೊತ್ತಿಗೆ ಇಲ್ಲಿ ಕೆಲಸ ಶುರು. ಒಂದೇ ವಿನ್ಯಾಸದ ಮೇಲೆ ಹಗಲೂ ರಾತ್ರಿ ಕೆಲಸ ನಡೆಯಬಹುದು ಎಂದಾಯಿತು. ಎಂಜಿನಿಯರ್ ಊರು ಬಿಡದೆ ಅವನ ಕೆಲಸ ಮಾತ್ರ ಸಮುದ್ರ ದಾಟತೊಡಗಿತು.

ಬಿಡಿ ಕೆಲಸದಿಂದ ಇಡೀ ಚಿಪ್‌ಗೆ

ಒಂದು ಅನುಮಾನವನ್ನು ಇಲ್ಲೇ ಬಗೆಹರಿಸಿಕೊಳ್ಳೋಣ. ಇದು ಬರೀ ಅಗ್ಗದ ಕೂಲಿಯ ಲೆಕ್ಕವಲ್ಲವೇ ಎಂದು ನೀವು ಕೇಳಬಹುದು. ಆರಂಭದಲ್ಲಿ ಆ ಲೆಕ್ಕವೂ ಇತ್ತು. ಅಮೆರಿಕದ ಎಂಜಿನಿಯರಿಗೆ ಹೋಲಿಸಿದರೆ ಇಲ್ಲಿನವರ ಸಂಬಳ ಬಹಳ ಕಡಿಮೆ. ಮೊದಮೊದಲು ಸಿಕ್ಕ ಕೆಲಸವೂ ಚಿಪ್ ವಿನ್ಯಾಸಕ್ಕೆ ನೆರವಾಗುವ ತಂತ್ರಾಂಶ ಬರೆಯುವುದು, ಅಂದರೆ ಅಡಿಗೆಯಲ್ಲ, ಅಡಿಗೆಯವರಿಗೆ ಪಾತ್ರೆ ಮಾಡಿಕೊಡುವುದು. ಆದರೆ ಪಾತ್ರೆ ಮಾಡುವವರಿಗೆ ಕ್ರಮೇಣ ಅಡಿಗೆಯ ಗುಟ್ಟೂ ತಿಳಿಯುತ್ತದೆ. ಮುಂದೆ ಚಿಪ್‌ನ ಬಿಡಿಭಾಗಗಳ ವಿನ್ಯಾಸ ಬಂತು, ಆಮೇಲೆ ದೊಡ್ಡ ಭಾಗಗಳು ಬಂದವು. 1998ರಲ್ಲಿ ಇಲ್ಲಿನ ತಂಡ ಪೂರ್ತಿಯಾಗಿ ತಾನೇ ವಿನ್ಯಾಸ ಮಾಡಿದ ಒಂದು ಡಿಜಿಟಲ್ ಸಿಗ್ನಲ್ ಪ್ರೊಸೆಸರ್ ಹೊರತಂದಿತು. ಧ್ವನಿ, ಚಿತ್ರ, ಕಂಪನಗಳನ್ನು ಸಂಖ್ಯೆಗಳಾಗಿಸಿ ಅತಿ ವೇಗವಾಗಿ ಗುಣಿಸಿ ಕೂಡುವ ಚಿಪ್ ಇದು. ಅದಕ್ಕೆ ಇಟ್ಟ ಹೆಸರು ‘ಅಂಕುರ್’, ನಮ್ಮ ಮಾತಿನಲ್ಲಿ ಮೊಳಕೆ.

ಬಿತ್ತಿದ್ದು 1985ರಲ್ಲಿ, ಮೊಳಕೆ ಕಂಡದ್ದು 1998ರಲ್ಲಿ. ನಡುವಿನ ಹದಿಮೂರು ವರ್ಷಗಳನ್ನು ಗಮನಿಸಿ. ನಂಬಿಕೆ ಒಂದು ದಿನದಲ್ಲಿ ಬರುವುದಿಲ್ಲ. ಚಿಕ್ಕ ಕೆಲಸವನ್ನು ಸರಿಯಾಗಿ ಮಾಡಿದವರ ಕೈಗೆ ಸ್ವಲ್ಪ ದೊಡ್ಡ ಕೆಲಸ ಬರುತ್ತದೆ. ಆ ಕೇಂದ್ರದ ಮುಖ್ಯಸ್ಥರಾಗಿದ್ದ ಶ್ರೀನಿ ರಾಜಂ ಮತ್ತು ಕೆಲವು ಸಹೋದ್ಯೋಗಿಗಳು 2001ರಲ್ಲಿ ಹೊರಬಂದು ಬೆಂಗಳೂರಿನಲ್ಲೇ ಇಟ್ಟಿಯಂ ಎಂಬ ಸ್ವಂತ ಕಂಪನಿ ಕಟ್ಟಿದರು. ಪರರ ಕಂಪನಿಯಲ್ಲಿ ಕಲಿತ ವಿದ್ಯೆ ಊರಿನಲ್ಲೇ ಉಳಿದು ಹೊಸ ಕವಲು ಒಡೆಯಿತು.

ಒಬ್ಬರು ತೆರೆದ ದಾರಿಯಲ್ಲಿ ಹಲವರು ನಡೆದರು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಎಂಬ ಸರ್ಕಾರಿ ಸಂಸ್ಥೆ ರೂಪುಗೊಂಡಿತು. ಉಪಗ್ರಹ ಸಂಪರ್ಕವನ್ನು ಅದು ಸಣ್ಣ ಕಂಪನಿಗಳಿಗೂ ಬಾಡಿಗೆಗೆ ಕೊಟ್ಟಿತು. ಸ್ವಂತ ಆಂಟೆನಾ ಹಾಕಲಾರದವರಿಗೂ ಹೊರದೇಶದ ಬಾಗಿಲು ತೆರೆಯಿತು. ಮೋಟೊರೋಲ, ಐ.ಬಿ.ಎಂ., ಇಂಟೆಲ್ ಮುಂತಾದವು ಬಂದವು. ಇಂಥ ವಿದೇಶಿ ಕಂಪನಿಗಳ ಕೇಂದ್ರಗಳು 2024ರ ಹೊತ್ತಿಗೆ ದೇಶದಲ್ಲಿ 1,700ಕ್ಕೂ ಹೆಚ್ಚು ಇದ್ದವು. ಬೇರಾವ ಊರಿಗಿಂತಲೂ ಬೆಂಗಳೂರಿನಲ್ಲಿ ಹೆಚ್ಚು.

ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಕಚೇರಿ ಮಿಲ್ಲರ್ಸ್ ರಸ್ತೆಯಿಂದ ಮುಂದೆ ಮುರುಗೇಶಪಾಳ್ಯದ ವಿಂಡ್ ಟನೆಲ್ ರಸ್ತೆಗೆ ಹೋಯಿತು. ಆ ರಸ್ತೆಗೆ ಹೆಸರು ಬಂದದ್ದು ವೈಮಾನಿಕ ಪ್ರಯೋಗಾಲಯದ ಗಾಳಿಸುರಂಗದಿಂದ. ಅಲ್ಲಿಂದ ಸಿ.ವಿ. ರಾಮನ್ ನಗರಕ್ಕೆ, ರೇಡಾರ್ ಸಂಶೋಧನೆಯ ಎಲ್.ಆರ್.ಡಿ.ಇ. ಪಕ್ಕಕ್ಕೆ ಹೋಯಿತು. ಕಂಪನಿಯ ವಿಳಾಸವನ್ನು ಓದಿದರೆ ಸಾಕು, ಉಗ್ರಾಣದ ಗೋಡೆ ಎಲ್ಲಿದೆ ಎಂದು ತಿಳಿಯುತ್ತದೆ.

ಲೆಕ್ಕದ ಇನ್ನೊಂದು ಪುಟ

ಇತಿಹಾಸ ಓದುವವರು ಜಮೆಯನ್ನಷ್ಟೇ ನೋಡಿ ಪುಸ್ತಕ ಮುಚ್ಚಬಾರದು, ಖರ್ಚನ್ನೂ ನೋಡಬೇಕು.

ಮೊದಲನೆಯದು, ಯಾರಿಗೆ ಒಳಗೆ ಹೋಗಲು ಸಾಧ್ಯವಾಯಿತು? ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಲ್ಲಿ ಎಂಜಿನಿಯರುಗಳ ಜೊತೆಗೆ ಡಿಪ್ಲೊಮಾ ಮಾಡಿದವರಿಗೂ, ಎಸ್.ಎಸ್.ಎಲ್.ಸಿ. ಮುಗಿಸಿ ಕಸುಬು ಕಲಿತವರಿಗೂ ಜಾಗವಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಅಲ್ಲಿ ಸೇರಿ ನಿಪುಣ ಕೆಲಸಗಾರನಾಗಿ ಮನೆ ಕಟ್ಟಬಹುದಿತ್ತು. ಹೊಸ ಕಚೇರಿಗಳಲ್ಲಿ ಎಂಜಿನಿಯರಿಂಗ್ ಪದವಿ ಬೇಕು, ಇಂಗ್ಲಿಷ್ ಬೇಕು. ಆ ಪದವಿಗೆ ದಾರಿಯೋ ಆಗ ಹಣವುಳ್ಳವರ ದಾರಿ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ರಾಜ್ಯ 1984ರಲ್ಲಿ ಕಾಯಿದೆ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ಕಟುವಾಗಿ ಖಂಡಿಸಿತು. 1994ರಿಂದ ಸಿ.ಇ.ಟಿ. ಬಂತು. ಅದರಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿ ಸೇರಿತು. ನೀವು ಬರೆಯುವ ಆ ಪರೀಕ್ಷೆ ಬರಿಯ ಪರೀಕ್ಷೆಯಲ್ಲ, ಉಗ್ರಾಣದ ಬೀಗವನ್ನು ಹಲವರಿಗೆ ತೆರೆಯಲು ಈ ನಾಡು ಮಾಡಿದ ಒಂದು ಪ್ರಯತ್ನ.

ಎರಡನೆಯದು, ಉಗ್ರಾಣ ತುಂಬಿದವರ ಗತಿ ಏನಾಯಿತು? ಒಂದು ಕಾಲಕ್ಕೆ ದೇಶಕ್ಕೆಲ್ಲ ದೂರವಾಣಿ ಕೊಟ್ಟ ಐ.ಟಿ.ಐ. 1990ರ ದಶಕದ ನಂತರ ಕುಗ್ಗುತ್ತಾ ಬಂತು. ನಿಮ್ಮ ತಾತನ ಕೈಯಲ್ಲಿದ್ದ ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಎಲ್ಲ ಕಾರ್ಖಾನೆಗಳೂ ಹೀಗಾಗಲಿಲ್ಲ. ಬಿ.ಇ.ಎಲ್., ಎಚ್.ಎ.ಎಲ್., ಇಸ್ರೋ ಬೆಳೆದು ನಿಂತಿವೆ. ಆದರೂ ಕೈಕಸುಬಿನ ಒಂದು ದೊಡ್ಡ ಪಾಠಶಾಲೆ ಊರಿನಿಂದ ಕಾಣೆಯಾಯಿತು.

ಮೂರನೆಯದು, ವಿನ್ಯಾಸ ಇಲ್ಲಿ, ತಯಾರಿ ಬೇರೆಲ್ಲೋ. ಚಿಪ್‌ಗಳನ್ನು ದೇಶದಲ್ಲೇ ತಯಾರಿಸಲೆಂದು ಸರ್ಕಾರ ಪಂಜಾಬಿನ ಮೊಹಾಲಿಯಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಕಟ್ಟಿತ್ತು. 1984ರಲ್ಲಿ ಉತ್ಪಾದನೆ ಆರಂಭಿಸಿದ ಅದು 1989ರ ಬೆಂಕಿಯಲ್ಲಿ ಸುಟ್ಟುಹೋಯಿತು, ಮತ್ತೆ ಕಟ್ಟುವಷ್ಟರಲ್ಲಿ ಪ್ರಪಂಚ ಮುಂದೆ ಹೋಗಿತ್ತು. ಹೀಗಾಗಿ ಬೆಂಗಳೂರಿನಲ್ಲಿ ವಿನ್ಯಾಸವಾದ ಚಿಪ್ ಹೊರದೇಶದಲ್ಲಿ ತಯಾರಾಗಿ ಮತ್ತೆ ನಮ್ಮ ಪೇಟೆಗೇ ಬರುವ ಪದ್ಧತಿ ಬೆಳೆಯಿತು. ಈ ಕೊರತೆ ತುಂಬಲು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ತಡವಾಗಿ ಬಿತ್ತಿದ ಬೀಜ, ಮೊಳಕೆಗೆ ಎಷ್ಟು ವರ್ಷ ಬೇಕು ಎಂಬುದನ್ನು ‘ಅಂಕುರ್’ ಕಥೆಯಿಂದ ನೀವೇ ಅಂದಾಜು ಮಾಡಬಹುದು.

ನಿಮಗೊಂದು ಕೆಲಸ

ಈಗ ಕಂಪನಿಗಳು ಬೆಂಗಳೂರನ್ನು ದಾಟಿ ಬೇರೆ ಊರುಗಳಿಗೂ ಬರಲಿ ಎಂದು ರಾಜ್ಯ ಸರ್ಕಾರ ‘ಬಿಯಾಂಡ್ ಬೆಂಗಳೂರು’ ಎಂಬ ಪ್ರಯತ್ನ ನಡೆಸುತ್ತಿದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಹೀಗೆ ನಿಮ್ಮ ಊರಿನ ಹೆಸರೂ ಪತ್ರಿಕೆಯಲ್ಲಿ ಬರಬಹುದು. ‘ಇಷ್ಟು ಸಾವಿರ ಉದ್ಯೋಗ’ ಎಂಬ ತಲೆಬರಹ ಓದಿ ಸಂತೋಷಪಡಿ, ತಪ್ಪೇನಿಲ್ಲ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ. ನಮ್ಮ ಊರಿನಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಯಾವ ಕಾಲೇಜು, ಕಾರ್ಖಾನೆ, ಪ್ರಯೋಗಾಲಯ, ಗ್ರಂಥಾಲಯ ಎದ್ದವು? ಅವುಗಳಿಗೆ ಹಣ ಕೊಟ್ಟವರು ಯಾರು? ಈಗ ಅವುಗಳ ಸ್ಥಿತಿ ಏನು?

ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಆಸಿಲೋಸ್ಕೋಪ್ ಕೆಟ್ಟು ಎಷ್ಟು ದಿನವಾಯಿತು ಎಂಬುದೂ ಆ ಹಾಳೆಯಲ್ಲಿ ಬರಲಿ. ಭೌತಶಾಸ್ತ್ರದ ಉಪನ್ಯಾಸಕರ ಹುದ್ದೆ ಖಾಲಿ ಇದ್ದರೆ ಅದೂ ಬರಲಿ. ಕಂಪನಿ ಎರಡು ವರ್ಷದಲ್ಲಿ ಬರಬಹುದು, ಇನ್ನೂ ಒಳ್ಳೆಯ ಊರು ಕಂಡರೆ ಎರಡು ವರ್ಷದಲ್ಲಿ ಹೋಗಲೂಬಹುದು. ಆಸಿಲೋಸ್ಕೋಪ್ ಬಳಸಲು ಕಲಿತ ಹುಡುಗಿ ಮಾತ್ರ ಆ ವಿದ್ಯೆಯನ್ನು ಇನ್ನೊಬ್ಬಳಿಗೆ ಕಲಿಸುತ್ತಾಳೆ. ಹಾಳೆ ತುಂಬಿದ ಮೇಲೆ ಅದನ್ನು ನಿಮ್ಮ ಪ್ರಾಂಶುಪಾಲರಿಗೆ ತೋರಿಸಿ, ನಮಗೂ ಒಂದು ಪ್ರತಿ ಕಳಿಸಿಕೊಡಿ.